ಎರಡು ಫ್ರೇಮ್ ತಡ

ಊರಿನ ಹೆಸರು ವೂಜ್. ಅವರ ಮಾತಿನಲ್ಲಿ ಹಾಗೆಂದರೆ ದೋಣಿ.
ಹುಡುಕಿ ನೋಡಿ, ದೋಣಿ ತೇಲಿಸಲು ಅಂಗೈಯಗಲ ನೀರಿಲ್ಲ.
ಇದ್ದ ಹೊಳೆಗಳನ್ನೆಲ್ಲ ಗಿರಣಿಗಳ ಕಾಲದಲ್ಲೇ
ಕೊಳವೆಗೆ ತುಂಬಿ ಮೇಲೆ ಬೀದಿ ಹಾಸಿದರು.
ಟ್ರಾಮಿನ ಅಡಿಯಲ್ಲಿ ಅವು ಈಗಲೂ ಹರಿಯುತ್ತವೆ,
ಯಾರ ಕಾಲೂ ಒದ್ದೆಯಾಗದ ಹಾಗೆ.

ಪಾನಿ ಬೊಗುಮೀವಾ ಹುಟ್ಟಿದ್ದು ಇಲ್ಲೇ.
ತಾಯಿ ಗಿರಣಿಯಲ್ಲಿ ಕಡಿದ ನೂಲಿಗೆ ಗಂಟು ಹಾಕುವವಳು;
ಗಂಟು ಕೈಗೆ ಸಿಕ್ಕರೆ ಅರ್ಧ ದಿನದ ಕೂಲಿ ಖೋತಾ.
ಮಗಳು ಸಿನಿಮಾ ಕತ್ತರಿಸುವ ಮೇಜಿಗೆ ಕೂತಾಗ
ಆಕೆ ಕೇಳಿದ್ದು ಇಷ್ಟೇ:
'ಅಲ್ಲೂ ಗಂಟು ಕಾಣಬಾರದೋ?'
'ಕಾಣಬಾರದಮ್ಮಾ.'
'ಹಾಗಾದರೆ ಹೊಸದೇನು ಕಲಿತೆ?'

ನಾನು ಹನ್ನೊಂದನೆಯ ಸಹಾಯಕ.
ಕಂಪ್ಯೂಟರಿನ ಪರದೆಯ ಮೇಲೂ ಬೊಗುಮೀವಾ
ಹಳದಿ ಮೇಣದ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾಳೆ,
ಸಂಜೆ ನಾನು ಒರೆಸುತ್ತೇನೆ.
ಚಹಾ ಸೋಸುವುದು, ಡಬ್ಬಿಗೆ ಚೀಟಿ ಅಂಟಿಸುವುದು,
ಆಕೆ ಉಸಿರು ಬಿಗಿಹಿಡಿದಾಗ ನಾನೂ ಹಿಡಿಯುವುದು,
ಇದು ಮೊದಲ ವರ್ಷದ ಪಾಠ.
ಉಸಿರು ಬಿಟ್ಟಲ್ಲಿ ಕತ್ತರಿ.

ಪ್ರಶಸ್ತಿ ಬಂದ ಆ ಚಿತ್ರದಲ್ಲಿ ಒಂದು ನೋಟವಿದೆ.
ಗಂಡನ ಕಾಗದ ಓದಿ ಮುಗಿಸಿದ ಹೆಂಗಸು
ತಲೆಯೆತ್ತಿ, ಏನೂ ಅನ್ನದೆ, ಬಾಗಿಲ ಕಡೆ ನೋಡುತ್ತಾಳೆ.
ಮೂರು ಸೆಕೆಂಡಿನಲ್ಲಿ ಇಡೀ ದಾಂಪತ್ಯ, ಎಂದವು ಪತ್ರಿಕೆಗಳು.
ನಿಜ ಹೇಳಲೇ?
ಅದು ಟೇಕ್ ಶುರುವಾಗುವ ಮೊದಲಿನದು.
ಕ್ಲ್ಯಾಪ್ ಬಿದ್ದಿರಲಿಲ್ಲ, ಕ್ಯಾಮೆರಾ ಸುಮ್ಮನೆ ಓಡುತ್ತಿತ್ತು,
ಕಿಂಗಾ ನೋಡುತ್ತಿದ್ದದ್ದು
ಲೈಟಿನ ಕಂಬಕ್ಕೆ ಬೆನ್ನುಜ್ಜುತ್ತಿದ್ದ ಒಂದು ಬೆಕ್ಕನ್ನು.
ಬೇಡವಾದದ್ದರ ರಾಶಿಯಿಂದ ಅದನ್ನೆತ್ತಿ
ಬೊಗುಮೀವಾ ಕಾಗದದ ಪಕ್ಕಕ್ಕಿಟ್ಟಳು.
ಬೆಕ್ಕು ಹೋಯಿತು. ಗಂಡ ಬಂದ.

ವಾರ್ಸಾದ ಆ ರಾತ್ರಿ ನಟಿಯ ಹೆಸರಿಗೆ ಸಭೆ ಎದ್ದು ನಿಂತಿತು.
ನಿರ್ದೇಶಕ ದೇವರಿಂದ ಹಿಡಿದು
ಹಲ್ಲಿನ ಡಾಕ್ಟರವರೆಗೆ ಎಲ್ಲರನ್ನೂ ನೆನೆದ,
ಎಲ್ಲರನ್ನೂ ಅಂದರೆ, ಅವನಿಗೆ ನೆನಪಾದವರನ್ನು.
ಸಂಕಲನಕ್ಕೆ ಬರುವಷ್ಟರಲ್ಲಿ ಜಾಹೀರಾತಿನ ಹೊತ್ತು.
ಸಾಬೂನು, ಸಾಲ, ಕೀಲುನೋವಿನ ಮುಲಾಮು
ನಾಡೆಲ್ಲ ನೋಡುತ್ತಿದ್ದಾಗ
ಎಪ್ಪತ್ತೊಂದರ ಮುದುಕಿ ಮೊಣಕಾಲು ಹಿಡಿದು
ಏಳು ಮೆಟ್ಟಿಲು ಹತ್ತಿದಳು.

ತೀರ್ಪುಗಾರನೊಬ್ಬ ಕೈಕುಲುಕಿದ:
'ನಿಮ್ಮ ಕೆಲಸ ಕಣ್ಣಿಗೇ ಬೀಳಲಿಲ್ಲ ನೋಡಿ, ಅಷ್ಟು ಚೆನ್ನಾಗಿತ್ತು.'
'ಬಿದ್ದಿದ್ದರೆ ಯಾರಿಗೆ ಕೊಡುತ್ತಿದ್ದಿರಿ?'
ಕೋಟು ತೂಗುಹಾಕುವ ಕೋಣೆಯಲ್ಲಿ ಕಿಂಗಾ ತಬ್ಬಿಕೊಂಡು
ಕಿವಿಯಲ್ಲಿ ಕೇಳಿದಳು, 'ಆ ಬೆಕ್ಕು?'
'ಚೆನ್ನಾಗಿ ನಟಿಸಿತು.'
ಇಬ್ಬರೂ ನಕ್ಕರು, ಒಬ್ಬಳು ಸ್ವಲ್ಪ ತಡವಾಗಿ.

ಆಮೇಲೆ ಟಿವಿಯಲ್ಲಿ ತುಣುಕು ತೋರಿಸಿದರು. ಒಂಬತ್ತು ಸೆಕೆಂಡು.
ಕೈಯಲ್ಲಿ ಕಂಚು, 'ನನ್ನ ತಾಯಿ ಒಂದು ಮಾತು ಕೇಳಿದ್ದಳು'
ಅನ್ನುವಷ್ಟರಲ್ಲಿ ಚಪ್ಪಾಳೆ, ಬೇರೆ ಯಾರದೋ ಮುಖ.
ತಾಯಿ ಏನು ಕೇಳಿದ್ದಳೆಂದು ನಾಡಿಗೆ ತಿಳಿಯಲಿಲ್ಲ.
ನನಗೆ ಮೈಯೆಲ್ಲ ಉರಿ.
ಬೊಗುಮೀವಾ ಹೋಟೆಲಿನ ಮಂಚದ ಮೇಲೆ ಬೂಟು ಕಳಚಿ
ಅದನ್ನು ಫೋನಿನಲ್ಲಿ ನಾಲ್ಕು ಸಲ ನೋಡಿದಳು, ಸದ್ದು ತೆಗೆದು.
ಆಮೇಲೆ ಸೆವೆರಿನನಿಗೆ ಕರೆ ಮಾಡಿದಳು.
ಒಂಬತ್ತನೆಯ ಸಹಾಯಕ; ಈಗ ಟಿವಿಯಲ್ಲಿದ್ದಾನೆ;
ಕತ್ತರಿಸಿದವನು ಅವನೇ.

'ಅಳಬೇಡ,' ಅಂದಳು. 'ಮೇಲಿನವರು ಒಂಬತ್ತು ಕೊಟ್ಟರೆ ನೀನೇನು ಮಾಡುತ್ತೀ.
ಕಡಿದ ಜಾಗ ಸರಿಯಾಗಿದೆ.
ಎರಡು ಫ್ರೇಮ್ ತಡ, ಅಷ್ಟೇ.
ನನ್ನ ತುಟಿ ಮತ್ತೆ ತೆರೆಯುವುದು ಕಾಣುತ್ತದೆ.
ಇನ್ನೂ ಏನೋ ಇತ್ತು ಅಂತ
ಜನಕ್ಕೆ ಗೊತ್ತಾಗಿಬಿಡುತ್ತದೆ, ಹುಡುಗಾ.'

ಆಚೆಯಿಂದ ಸದ್ದಿಲ್ಲ.
ಕಂಚಿನ ಬೊಂಬೆ ಬೂಟಿಗೆ ಒರಗಿ ಬಿದ್ದಿತ್ತು.
'ಬೇಕೆಂದೇ ಬಿಟ್ಟೆ, ಪಾನಿ.'

ಆಕೆ ಉಸಿರು ಬಿಗಿಹಿಡಿದಳು.
ನಾನೂ.